ಭಾಗಿಸಿದರೆ ರೋಧ, ಗುಣಿಸಿದರೆ ಸಾಮರ್ಥ್ಯ

ವಿಜ್ಞಾನ ಮೂಲೆ



ನಮ್ಮ ಗೋಡೆ ಪತ್ರಿಕೆಯ ಪ್ರಶ್ನೆ ಡಬ್ಬಿಯಲ್ಲಿ ಈ ಸಲ ಏಳನೇ ತರಗತಿಯವರು ಹಾಕಿದ ಒಂದು ಚೀಟಿ ಸಿಕ್ಕಿತು. “ಉದ್ದದ ವೈರಿಗೆ ಬಲ್ಬು ಹಾಕಿದರೆ ವೈರು ತಣ್ಣಗೇ ಇರುತ್ತೆ. ಅದೇ ವೈರಿಗೆ ಇಸ್ತ್ರಿ ಪೆಟ್ಟಿಗೆ ಹಾಕಿದರೆ ವೈರೂ ಬೆಚ್ಚಗಾಗುತ್ತೆ. ಯಾಕೆ?” ಎಂದು ಬರೆದಿದ್ದರು. ಪ್ರಶ್ನೆ ಬಹಳ ಚೆನ್ನಾಗಿದೆ. ಇದಕ್ಕೆ ಉತ್ತರ ಹೇಳಲು ಒಂದು ಭಾಗಾಕಾರ, ಒಂದು ಗುಣಾಕಾರ ಗೊತ್ತಿದ್ದರೆ ಸಾಕು. ಹತ್ತನೇ ತರಗತಿಯವರಿಗೆ ಇದು ಪರೀಕ್ಷೆಗೂ ಬರುತ್ತೆ. ಆದರೆ ಪರೀಕ್ಷೆಗಿಂತ ಮನೆಗೆ ಹೆಚ್ಚು ಬೇಕಾದ ಲೆಕ್ಕ ಇದು. ಯಾಕೆ ಅನ್ನೋದು ಕೊನೆಯವರೆಗೆ ಓದಿದರೆ ಗೊತ್ತಾಗುತ್ತೆ.

1. ಮೊದಲು ಮೂರು ಮಾತು

ಊರಿನ ನೀರಿನ ಟ್ಯಾಂಕನ್ನು ನೆನಪು ಮಾಡಿಕೊಳ್ಳಿ. ಟ್ಯಾಂಕು ಎತ್ತರದಲ್ಲಿದ್ದಷ್ಟೂ ನಲ್ಲಿಯಲ್ಲಿ ನೀರಿನ ಒತ್ತಡ ಜಾಸ್ತಿ. ವಿದ್ಯುತ್ತಿನಲ್ಲಿ ಈ ಒತ್ತಡದಂತಿರುವುದು ವಿಭವಾಂತರ, ಅಂದರೆ ವೋಲ್ಟೇಜ್. ಅದರ ಏಕಮಾನ ವೋಲ್ಟ್. ಒಂದು ಸೆಕೆಂಡಿಗೆ ಪೈಪಿನಲ್ಲಿ ಎಷ್ಟು ನೀರು ಹರಿಯಿತೋ ಅದರಂತಿರುವುದು ವಿದ್ಯುತ್ ಪ್ರವಾಹ, ಅಂದರೆ ಕರೆಂಟು. ಅದರ ಏಕಮಾನ ಆಂಪೇರ್. ಪೈಪು ಸಣ್ಣದಾಗಿ ಉದ್ದವಾಗಿದ್ದರೆ ನೀರು ಕಷ್ಟಪಟ್ಟು ಬರುತ್ತದಲ್ಲ, ಆ ತಡೆಯಂತಿರುವುದು ರೋಧ. ಅದರ ಏಕಮಾನ ಓಮ್.

ನಾವು ಮಾತಿನಲ್ಲಿ “ಕರೆಂಟು ಹೋಯ್ತು”, “ಕರೆಂಟು ಕಮ್ಮಿ ಇದೆ” ಅಂತ ಎಲ್ಲಕ್ಕೂ ಕರೆಂಟು ಅನ್ನುತ್ತೇವೆ. ಸಾಯಂಕಾಲ ಕಮ್ಮಿ ಇರೋದು ನಿಜವಾಗಿ ವೋಲ್ಟೇಜ್. ಲೆಕ್ಕ ಮಾಡುವಾಗ ಇವೆರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಬೇಕು.

2. ಭಾಗಾಕಾರ ಕಂಡುಹಿಡಿದ ಮೇಷ್ಟ್ರು

ಜರ್ಮನಿಯ ಗಿಯಾರ್ಗ್ ಸೈಮನ್ ಓಮ್ ಅವರು 1789ರಲ್ಲಿ ಹುಟ್ಟಿದರು. ತಂದೆ ಬೀಗ ಮಾಡುವ ಕಸುಬಿನವರು. ಓಮ್ ಅವರು ಕಲೋನ್ ಪಟ್ಟಣದ ಶಾಲೆಯಲ್ಲಿ ಮೇಷ್ಟ್ರಾಗಿದ್ದಾಗ, ಒಂದೇ ದಪ್ಪದ ಬೇರೆ ಬೇರೆ ಉದ್ದದ ತಂತಿಗಳಲ್ಲಿ ಪ್ರವಾಹ ಹರಿಸಿ, ಪ್ರತಿ ಸಲವೂ ಕಾಂತಸೂಚಿ ಎಷ್ಟು ತಿರುಗಿತು ಎಂದು ಅಳೆದರು. ಆಗಿನ ಬ್ಯಾಟರಿಗಳ ವೋಲ್ಟೇಜ್ ಒಂದೇ ಸಮ ನಿಲ್ಲುತ್ತಿರಲಿಲ್ಲ. ಅದಕ್ಕೆ ಅವರು ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಜೋಡಿಸಿ, ಒಂದು ಜೋಡಣೆಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಸ್ಥಿರವಾದ ವೋಲ್ಟೇಜ್ ಪಡೆದರು. 1827ರಲ್ಲಿ ಪುಸ್ತಕ ಬರೆದರು. ಮೊದಮೊದಲು ಅದನ್ನು ಹೆಚ್ಚು ಜನ ಒಪ್ಪಲಿಲ್ಲ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರಿಗೆ ಕೋಪ್ಲಿ ಪದಕ ಕೊಟ್ಟಿತು. ಈಗ ರೋಧದ ಏಕಮಾನಕ್ಕೇ ಅವರ ಹೆಸರಿದೆ.

ಓಮ್‌ನ ನಿಯಮ: ತಾಪ ಬದಲಾಗದಿದ್ದರೆ, ವಾಹಕದಲ್ಲಿ ಹರಿಯುವ ಪ್ರವಾಹವು ಅದರ ತುದಿಗಳ ನಡುವಿನ ವಿಭವಾಂತರಕ್ಕೆ ನೇರ ಅನುಪಾತದಲ್ಲಿರುತ್ತದೆ.

ಸೂತ್ರ ಒಂದು: ವೋಲ್ಟ್ ÷ ಆಂಪೇರ್ = ಓಮ್

ಪಠ್ಯಪುಸ್ತಕದಲ್ಲಿ ವಿ, ಐ, ಆರ್ ಎಂದು ಬರೆಯೋದು ಇದನ್ನೇ.

3. ನಾವು ಮಾಡಿ ನೋಡಿದ್ದು

ನಮ್ಮ ಪ್ರಯೋಗಾಲಯದಲ್ಲಿ ವಿಜ್ಞಾನದ ಮೇಷ್ಟ್ರ ಎದುರಿಗೆ ನಾವು ನಾಲ್ಕು ಜನ ಇದನ್ನು ಅಳೆದೆವು. 1 ಮೀಟರ್ ನೈಕ್ರೋಮ್ ತಂತಿ, 4 ಟಾರ್ಚ್ ಸೆಲ್ಲು, ಒಂದು ವೋಲ್ಟ್‌ಮೀಟರ್, ಒಂದು ಅಮ್ಮೀಟರ್. ಅಮ್ಮೀಟರನ್ನು ತಂತಿಯ ಜೊತೆ ಸರಣಿಯಲ್ಲಿ ಸೇರಿಸಬೇಕು. ವೋಲ್ಟ್‌ಮೀಟರನ್ನು ತಂತಿಯ ಎರಡು ತುದಿಗೆ ಸಮಾಂತರವಾಗಿ ಸೇರಿಸಬೇಕು.

1 ಸೆಲ್ಲು: 1.4 ವೋಲ್ಟ್, 0.14 ಆಂಪೇರ್. ಭಾಗಿಸಿದರೆ 10.0 ಓಮ್
2 ಸೆಲ್ಲು: 2.8 ವೋಲ್ಟ್, 0.27 ಆಂಪೇರ್. ಭಾಗಿಸಿದರೆ 10.4 ಓಮ್
3 ಸೆಲ್ಲು: 4.2 ವೋಲ್ಟ್, 0.42 ಆಂಪೇರ್. ಭಾಗಿಸಿದರೆ 10.0 ಓಮ್
4 ಸೆಲ್ಲು: 5.5 ವೋಲ್ಟ್, 0.54 ಆಂಪೇರ್. ಭಾಗಿಸಿದರೆ 10.2 ಓಮ್

ವೋಲ್ಟ್ ಬದಲಾಯಿತು, ಆಂಪೇರ್ ಬದಲಾಯಿತು, ಭಾಗಲಬ್ಧ ಮಾತ್ರ ಹತ್ತರ ಹತ್ತಿರವೇ ನಿಂತಿತು. ಅದೇ ಆ ತಂತಿಯ ರೋಧ. ಆಮೇಲೆ ತಂತಿಯನ್ನು ಅರ್ಧ ಮೀಟರಿಗೆ ಕ್ಲಿಪ್ ಹಾಕಿ 2 ಸೆಲ್ಲಿನಿಂದ ಅಳೆದೆವು. 2.7 ವೋಲ್ಟ್, 0.53 ಆಂಪೇರ್ ಬಂತು. ಭಾಗಿಸಿದರೆ 5.1 ಓಮ್. ಉದ್ದ ಅರ್ಧವಾದರೆ ರೋಧವೂ ಅರ್ಧ. ದಪ್ಪ ತಂತಿಗೆ ರೋಧ ಕಡಿಮೆ, ತೆಳು ತಂತಿಗೆ ಹೆಚ್ಚು. 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.017 ಓಮ್ ಮಾತ್ರ. ಈ ಅಂಕಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತೆ.

4. ಗುಣಾಕಾರ: ಸಾಮರ್ಥ್ಯ

ಒಂದು ಸೆಕೆಂಡಿಗೆ ಎಷ್ಟು ಶಕ್ತಿ ಖರ್ಚಾಯಿತು ಅನ್ನೋದು ಸಾಮರ್ಥ್ಯ. ಏಕಮಾನ ವ್ಯಾಟ್.

ಸೂತ್ರ ಎರಡು: ವೋಲ್ಟ್ × ಆಂಪೇರ್ = ವ್ಯಾಟ್

ಮನೆಯ ಸಾಮಾನಿನ ಮೇಲೆ ಸಾಮಾನ್ಯವಾಗಿ ವೋಲ್ಟ್ ಮತ್ತು ವ್ಯಾಟ್ ಬರೆದಿರುತ್ತಾರೆ. ಆಗ ವ್ಯಾಟನ್ನು ವೋಲ್ಟಿನಿಂದ ಭಾಗಿಸಿ, ಆಂಪೇರ್ ಸಿಗುತ್ತೆ. ವೋಲ್ಟನ್ನು ಆ ಆಂಪೇರಿನಿಂದ ಭಾಗಿಸಿ, ಓಮ್ ಸಿಗುತ್ತೆ. 230 ವೋಲ್ಟಿನಲ್ಲಿ ನಾನು ಮಾಡಿದ ಪಟ್ಟಿ ಇದು.

ಹಳೇ ಕಾಲದ ಬುರುಡೆ ಬಲ್ಬು, 60 ವ್ಯಾಟ್: 0.26 ಆಂಪೇರ್, ಸುಮಾರು 880 ಓಮ್
ಇಸ್ತ್ರಿ ಪೆಟ್ಟಿಗೆ, 750 ವ್ಯಾಟ್: 3.26 ಆಂಪೇರ್, ಸುಮಾರು 70 ಓಮ್
ನೀರು ಕಾಯಿಸೋ ಕಾಯಿಲ್, 1000 ವ್ಯಾಟ್: 4.35 ಆಂಪೇರ್, ಸುಮಾರು 53 ಓಮ್

ಒಂದು ಮಾತು. 60 ವ್ಯಾಟಿನ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ ತಂದು ಮಲ್ಟಿಮೀಟರಿನಲ್ಲಿ ಅಳೆದರೆ 880 ಓಮ್ ತೋರಿಸಲ್ಲ. ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ ತೋರಿಸುತ್ತೆ. ಮೀಟರೂ ತಪ್ಪಲ್ಲ, ಲೆಕ್ಕವೂ ತಪ್ಪಲ್ಲ. ಉರಿಯುವಾಗ ಟಂಗ್‌ಸ್ಟನ್ ಎಳೆಯ ತಾಪ 2000 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಹೋಗುತ್ತೆ. ಲೋಹ ಬಿಸಿಯಾದಂತೆ ಅದರ ರೋಧ ಏರುತ್ತೆ. ಓಮ್‌ನ ನಿಯಮದಲ್ಲಿ “ತಾಪ ಬದಲಾಗದಿದ್ದರೆ” ಅಂತ ಬರೆದಿರೋದು ಸುಮ್ಮನೆ ಅಲ್ಲ.

5. ಎಲ್ಲರಿಗೂ ಗೊಂದಲ ಆಗುವ ಜಾಗ

ಎರಡು ಸೂತ್ರವನ್ನೂ ಸೇರಿಸಿದರೆ ಇನ್ನೂ ಎರಡು ಸೂತ್ರ ಬರುತ್ತವೆ.

ಆಂಪೇರ್ × ಆಂಪೇರ್ × ಓಮ್ = ವ್ಯಾಟ್
ವೋಲ್ಟ್ × ವೋಲ್ಟ್ ÷ ಓಮ್ = ವ್ಯಾಟ್

ಮೊದಲನೆಯದನ್ನು ನೋಡಿದರೆ ರೋಧ ಹೆಚ್ಚಾದಷ್ಟೂ ಬಿಸಿ ಹೆಚ್ಚು. ಎರಡನೆಯದನ್ನು ನೋಡಿದರೆ ರೋಧ ಕಡಿಮೆಯಾದಷ್ಟೂ ಬಿಸಿ ಹೆಚ್ಚು. ಯಾವುದು ಸರಿ? ಎರಡೂ ಸರಿ. ಲೆಕ್ಕ ಶುರು ಮಾಡುವ ಮೊದಲು “ಇಲ್ಲಿ ಯಾವುದು ಒಂದೇ ಇದೆ?” ಅಂತ ಕೇಳಿಕೊಳ್ಳಬೇಕು, ಅಷ್ಟೇ.

ಮನೆಯ ಸಾಕೆಟ್ಟುಗಳಿಗೆಲ್ಲ ಸಿಗುವ ವೋಲ್ಟೇಜ್ ಒಂದೇ. ಆದ್ದರಿಂದ ಬಲ್ಬಿಗೂ ಕಾಯಿಲ್ಲಿಗೂ ಹೋಲಿಸುವಾಗ ಎರಡನೇ ಸೂತ್ರ ನೋಡಬೇಕು. 53 ಓಮಿನ ಕಾಯಿಲ್ 880 ಓಮಿನ ಬಲ್ಬಿಗಿಂತ ಹೆಚ್ಚು ಬಿಸಿ ಕೊಡೋದು ಅದಕ್ಕೇ. ಆದರೆ ಒಂದೇ ದಾರಿಯಲ್ಲಿ ಸಾಲಾಗಿರುವ ವೈರು, ಪ್ಲಗ್ಗು, ಕಾಯಿಲ್ ಇವುಗಳಲ್ಲಿ ಹರಿಯುವ ಪ್ರವಾಹ ಒಂದೇ. ಇವನ್ನು ಹೋಲಿಸುವಾಗ ಮೊದಲನೇ ಸೂತ್ರ. ಅಲ್ಲಿ ರೋಧ ಹೆಚ್ಚಿದ್ದ ಕಡೆಯೇ ಹೆಚ್ಚು ಬಿಸಿ.

6. ಏಳನೇ ತರಗತಿಯವರಿಗೆ ಉತ್ತರ

ಈಗ ಚೀಟಿಯ ಪ್ರಶ್ನೆಗೆ ಬರೋಣ. 10 ಮೀಟರ್ ಉದ್ದದ ತೆಳು ವೈರು, ಒಳಗಿನ ತಾಮ್ರದ ದಪ್ಪ ಅರ್ಧ ಚದರ ಮಿಲಿಮೀಟರ್ ಅಂತ ಇಟ್ಟುಕೊಳ್ಳೋಣ. ಹೋಗೋಕೆ ಒಂದು ಎಳೆ, ಬರೋಕೆ ಒಂದು ಎಳೆ, ಒಟ್ಟು 20 ಮೀಟರ್. ದಪ್ಪ ಅರ್ಧವಾದ್ದರಿಂದ ಮೀಟರಿಗೆ 0.034 ಓಮ್. ಒಟ್ಟು ರೋಧ 0.68 ಓಮ್.

ಬಲ್ಬು ಹಾಕಿದಾಗ ವೈರಿನಲ್ಲಿ: 0.26 × 0.26 × 0.68 = 0.05 ವ್ಯಾಟ್
ಇಸ್ತ್ರಿ ಹಾಕಿದಾಗ ವೈರಿನಲ್ಲಿ: 3.26 × 3.26 × 0.68 = 7.2 ವ್ಯಾಟ್

ಪ್ರವಾಹ ಹನ್ನೆರಡೂವರೆ ಪಟ್ಟು ಆದರೆ ವೈರಿನ ಬಿಸಿ ಸುಮಾರು 150 ಪಟ್ಟು. ಪ್ರವಾಹವನ್ನು ಎರಡು ಸಲ ಗುಣಿಸುತ್ತೇವೆ ಅನ್ನೋದೇ ಇದರ ಗುಟ್ಟು. ಈ ನಿಯಮವನ್ನು 1840ರ ಸುಮಾರಿಗೆ ಇಂಗ್ಲೆಂಡಿನ ಜೇಮ್ಸ್ ಜೂಲ್ ಪ್ರಯೋಗದಿಂದ ಕಂಡುಹಿಡಿದರು. ಅಂಥ ವೈರನ್ನು ಸುರುಳಿ ಸುತ್ತಿಟ್ಟೇ ಇಸ್ತ್ರಿ ಮಾಡಿದರೆ ಆ ಬಿಸಿ ಹೊರಗೆ ಹೋಗಲ್ಲ, ಸುರುಳಿಯೊಳಗೇ ಕೂರುತ್ತೆ. ಆದ್ದರಿಂದ ವೈರನ್ನು ಪೂರ್ತಿ ಬಿಚ್ಚಿ ಹಾಕಬೇಕು.

ಸಡಿಲವಾದ ಪ್ಲಗ್ಗು ಇನ್ನೂ ಕೆಟ್ಟದ್ದು. ಪಿನ್ನು ಸರಿಯಾಗಿ ಕೂರದೆ ಅಲ್ಲಿ ಅರ್ಧ ಓಮ್ ರೋಧ ಬಂತು ಅನ್ನಿ. ಕಾಯಿಲ್ ಹಾಕಿದಾಗ 4.35 × 4.35 × 0.5 = ಸುಮಾರು 9.5 ವ್ಯಾಟ್ ಬಿಸಿ ಹುಟ್ಟುತ್ತೆ. ಹತ್ತು ಮೀಟರಿನಲ್ಲಿ ಹರಡಬೇಕಾದಷ್ಟು ಬಿಸಿ ಒಂದು ಅವರೇಕಾಳಿನಷ್ಟು ಜಾಗದಲ್ಲಿ! ಪ್ಲಗ್ಗು ಕಪ್ಪಾಗೋದು, ಸುಟ್ಟ ವಾಸನೆ ಬರೋದು ಇದರಿಂದಲೇ. ಟೇಪು ಸುತ್ತಿ ಮುಚ್ಚಿದರೆ ರೋಧ ಹೋಗಲ್ಲ. ಸ್ವಿಚ್ ಆರಿಸಿ, ಪ್ಲಗ್ಗು ಬದಲಾಯಿಸಬೇಕು.

7. ಸಾಯಂಕಾಲದ ವೋಲ್ಟೇಜ್

ಸಾಯಂಕಾಲ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕಿದಾಗ ಊರಿನ ಕೊನೆ ಮನೆಯಲ್ಲಿ 160 ವೋಲ್ಟ್ ಸಿಕ್ಕಿತು ಅನ್ನಿ. 53 ಓಮಿನ ಕಾಯಿಲ್ ಆಗ ಎಷ್ಟು ಬಿಸಿ ಕೊಡುತ್ತೆ? 160 × 160 ÷ 53 = ಸುಮಾರು 483 ವ್ಯಾಟ್. ವೋಲ್ಟೇಜ್ ಸುಮಾರು ಮೂರನೇ ಒಂದು ಭಾಗ ಕಡಿಮೆಯಾಗಿದ್ದಕ್ಕೆ ಸಾಮರ್ಥ್ಯ ಅರ್ಧಕ್ಕಿಂತ ಕೆಳಗಿಳಿಯಿತು. 15 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸರಿಯಾದ ವೋಲ್ಟೇಜಿನಲ್ಲಿ 21 ನಿಮಿಷ ಸಾಕು, 160 ವೋಲ್ಟಿನಲ್ಲಿ 43 ನಿಮಿಷ ಬೇಕು. ಎರಡರಲ್ಲೂ ಮೀಟರಿನಲ್ಲಿ ಓಡೋದು ಸುಮಾರು 0.35 ಯೂನಿಟ್ಟೇ. (1000 ವ್ಯಾಟ್ ಒಂದು ಗಂಟೆ ಉರಿದರೆ 1 ಯೂನಿಟ್.)

ಮೋಟಾರಿಗೆ ಈ ಲೆಕ್ಕ ಹಾಕಬೇಡಿ. ತಿರುಗುವ ಮೋಟಾರು ಬರೀ ರೋಧಕವಲ್ಲ. ನೀರೆತ್ತುವ ಕೆಲಸ ಅಷ್ಟೇ ಇರುವಾಗ ವೋಲ್ಟೇಜ್ ಇಳಿದರೆ ಮೋಟಾರು ಹೆಚ್ಚು ಆಂಪೇರ್ ಎಳೆಯುತ್ತೆ. ಆಂಪೇರ್ 10 ಇದ್ದದ್ದು 12 ಆದರೆ ಒಳಗಿನ ತಂತಿಸುತ್ತಿನ ಬಿಸಿ 100 ಇದ್ದದ್ದು 144 ಆಗುತ್ತೆ. ಲೋ ವೋಲ್ಟೇಜಿನಲ್ಲಿ ಪಂಪ್‌ಸೆಟ್ ಓಡಿಸಿದರೆ ಮೋಟಾರು ಸುಡೋದು ಹೀಗೆ. ಎಲ್‌ಇಡಿ ಬಲ್ಬಿಗೂ ವೋಲ್ಟನ್ನು ಆಂಪೇರಿನಿಂದ ಭಾಗಿಸಿ ರೋಧ ಅನ್ನುವಂತಿಲ್ಲ. ಅದರೊಳಗೆ ಬೇರೆಯೇ ಮಂಡಲ ಇದೆ. ಕಾಯಿಲ್, ಇಸ್ತ್ರಿ, ಒಲೆಯಂಥ ಬಿಸಿ ಮಾಡುವ ಸಾಮಾನಿಗೆ ನಮ್ಮ ಸೂತ್ರ ಸರಿಯಾಗಿ ಕೂರುತ್ತೆ.

8. ಶಿವನಸಮುದ್ರದಿಂದ ಕೋಲಾರಕ್ಕೆ

ಹತ್ತು ಮೀಟರ್ ವೈರಿನಲ್ಲೇ ಇಷ್ಟು ಬಿಸಿ ಹೋಗುವುದಾದರೆ ನೂರಾರು ಮೈಲಿ ದೂರದಿಂದ ವಿದ್ಯುತ್ ಹೇಗೆ ಬರುತ್ತೆ? ಇದಕ್ಕೆ ನಮ್ಮ ನಾಡಿನದೇ ಉದಾಹರಣೆ ಇದೆ. 1902ರಲ್ಲಿ ಮೈಸೂರು ಸಂಸ್ಥಾನದವರು ಶಿವನಸಮುದ್ರದ ಕಾವೇರಿ ಜಲಪಾತದಲ್ಲಿ ವಿದ್ಯುತ್ ಉತ್ಪಾದಿಸಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಆ ತಂತಿಯಲ್ಲಿದ್ದ ವೋಲ್ಟೇಜ್ 30 ಸಾವಿರಕ್ಕೆ ಕಡಿಮೆ ಇರಲಿಲ್ಲ. ಅಷ್ಟು ಯಾಕೆ ಬೇಕು?

ಸುಲಭದ ಅಂಕಿಯಲ್ಲಿ ನೋಡೋಣ. ತಂತಿಯ ರೋಧ 10 ಓಮ್. ನಾವು ಕಳಿಸಬೇಕಾದದ್ದು 23,000 ವ್ಯಾಟ್.

230 ವೋಲ್ಟಿನಲ್ಲಿ ಕಳಿಸಿದರೆ: 100 ಆಂಪೇರ್ ಬೇಕು. ದಾರಿಯಲ್ಲಿ ನಷ್ಟ 100 × 100 × 10 = 1,00,000 ವ್ಯಾಟ್. ಕಳಿಸೋದಕ್ಕಿಂತ ನಷ್ಟವೇ ಹೆಚ್ಚು. ಅಂದರೆ ಆಗದ ಕೆಲಸ.
23,000 ವೋಲ್ಟಿನಲ್ಲಿ ಕಳಿಸಿದರೆ: 1 ಆಂಪೇರ್ ಸಾಕು. ನಷ್ಟ 1 × 1 × 10 = 10 ವ್ಯಾಟ್.

ನಮ್ಮೂರಿಗೂ 11,000 ವೋಲ್ಟಿನ ಲೈನು ಬಂದು, ಟಿ.ಸಿ.ಯಲ್ಲಿ ಇಳಿದು ಮನೆಗೆ 230 ಆಗೋದು ಇದೇ ಕಾರಣಕ್ಕೆ.

9. ಫ್ಯೂಸಿಗೆ ಮನುಷ್ಯನೂ ಒಂದೇ, ಬಲ್ಬೂ ಒಂದೇ

ಇದು ಈ ಪಾಠದ ಮುಖ್ಯ ಭಾಗ. ದಯವಿಟ್ಟು ನಿಧಾನವಾಗಿ ಓದಿ.

ಹೋದ ಮಳೆಗಾಲದಲ್ಲಿ ನಮ್ಮ ಕೇರಿಯಲ್ಲಿ ಒಂದು ಎಮ್ಮೆ ಸತ್ತಿತು. ಬಟ್ಟೆ ಒಣಹಾಕುವ ಕಬ್ಬಿಣದ ತಂತಿಗೆ ಸಿಪ್ಪೆ ಸುಲಿದ ವೈರು ತಾಗಿತ್ತು, ತಂತಿ ಕಟ್ಟಿದ ಕಬ್ಬಿಣದ ಕಂಬಕ್ಕೆ ಎಮ್ಮೆ ಮೈ ಉಜ್ಜಿತು. ಹೊತ್ತಿಗೆ ಮೂರು ಲೀಟರ್ ಹಾಲು ಕೊಡುತ್ತಿದ್ದ ಎಮ್ಮೆ. ಅವತ್ತು ಸೇರಿದವರೆಲ್ಲ ಕೇಳಿದ್ದು ಒಂದೇ ಮಾತು: “ಮನೇಲಿ ಫ್ಯೂಸ್ ಇತ್ತಲ್ಲ, ಯಾಕೆ ಹೋಗಲಿಲ್ಲ?”

ಲೆಕ್ಕ ಹಾಕಿ ನೋಡೋಣ. ದನ ಎಮ್ಮೆಗಳ ಮೈಯ ರೋಧ ಸುಮಾರು 500 ಓಮ್ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. 230 ÷ 500 = 0.46 ಆಂಪೇರ್. ಕಾಲ ಕೆಳಗಿನ ಮಣ್ಣಿನ ರೋಧವನ್ನೂ ಸೇರಿಸಿದರೆ ಇನ್ನೂ ಕಡಿಮೆ. ಮನೆಯ ಫ್ಯೂಸು 5 ಆಂಪೇರಿನದು. ಅರ್ಧ ಆಂಪೇರಿಗೆ ಅದು ಕರಗೋದಿಲ್ಲ.

ಮನುಷ್ಯನದೂ ಹೀಗೇ. ಒಣ ಚರ್ಮದ ರೋಧ ಹಲವು ಸಾವಿರ ಓಮ್ ಇರಬಹುದು. ಕೈ ಒದ್ದೆಯಾಗಿ ಬರಿಗಾಲಲ್ಲಿ ನಿಂತಿದ್ದರೆ ಸುಮಾರು 1000 ಓಮಿಗೆ ಇಳಿಯುತ್ತೆ. 230 ÷ 1000 = 0.23 ಆಂಪೇರ್, ಅಂದರೆ 230 ಮಿಲಿ ಆಂಪೇರ್. ಹತ್ತು ಹದಿನೈದು ಮಿಲಿ ಆಂಪೇರಿಗೇ ಕೈಯ ಸ್ನಾಯು ಬಿಗಿದು ಹಿಡಿದ ತಂತಿ ಬಿಡೋಕಾಗಲ್ಲ. 30 ದಾಟಿದರೆ ಉಸಿರಿಗೂ ಹೃದಯಕ್ಕೂ ಅಪಾಯ. 100 ದಾಟಿ ಒಂದೆರಡು ಸೆಕೆಂಡು ಹರಿದರೆ ಪ್ರಾಣವೇ ಹೋಗಬಹುದು. ನಮ್ಮ ಪಟ್ಟಿಯಲ್ಲಿ 60 ವ್ಯಾಟ್ ಬಲ್ಬಿನ ಪ್ರವಾಹ ಎಷ್ಟಿತ್ತು ನೋಡಿ: 0.26. ಮನುಷ್ಯನ ಜೀವ ತೆಗೆಯುವ ಪ್ರವಾಹ ಒಂದು ಬಲ್ಬು ಉರಿಸುವ ಪ್ರವಾಹಕ್ಕಿಂತಲೂ ಕಮ್ಮಿ. ಫ್ಯೂಸಿಗೆ ಅದರ ವ್ಯತ್ಯಾಸ ಗೊತ್ತಾಗಲ್ಲ.

ಹಾಗಾದರೆ ಫ್ಯೂಸು ಯಾಕೆ? ವೈರು ಸುಡದಂತೆ, ಮನೆಗೆ ಬೆಂಕಿ ಬೀಳದಂತೆ ಕಾಯಲು. ಅದಕ್ಕೆ ಫ್ಯೂಸ್ ಹೋದಾಗ ದಪ್ಪ ತಾಮ್ರದ ಎಳೆ ಸುತ್ತಬಾರದು. ಆಗ ಫ್ಯೂಸಿಗಿಂತ ಮೊದಲು ಗೋಡೆಯೊಳಗಿನ ವೈರು ಸುಡುತ್ತೆ.

ಜೀವ ಕಾಯಲು ಎರಡು ಬೇರೆ ಏರ್ಪಾಟು ಬೇಕು. ಒಂದು ಅರ್ತಿಂಗ್. ಇಸ್ತ್ರಿ ಪೆಟ್ಟಿಗೆ, ಮೋಟಾರುಗಳ ಲೋಹದ ಮೈಗೆ ಅರ್ತ್ ತಂತಿ ಇದ್ದರೆ, ಒಳಗೆ ವೈರು ತಾಗಿದಾಗ ಪ್ರವಾಹ ನೆಲಕ್ಕೆ ಹೋಗುತ್ತೆ. ಆ ದಾರಿಯ ಒಟ್ಟು ರೋಧ 5 ಓಮ್ ಇದ್ದರೆ 230 ÷ 5 = 46 ಆಂಪೇರ್. ಫ್ಯೂಸು ಆ ಕ್ಷಣ ಹೋಗುತ್ತೆ. ಗುಂಡಿ ಒಣಗಿ ರೋಧ 50 ಓಮ್ ಆಗಿದ್ದರೆ 230 ÷ 50 = 4.6 ಆಂಪೇರ್. 5 ಆಂಪೇರಿನ ಫ್ಯೂಸು ಹಾಗೇ ಇರುತ್ತೆ, ಪೆಟ್ಟಿಗೆಯ ಮೈಯಲ್ಲಿ ಶಾಕು ನಿಂತಿರುತ್ತೆ! ಅರ್ತಿಂಗ್ ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಬೇಸಿಗೆಯಲ್ಲಿ ನೀರು ಹಾಕುವುದು ಶಾಸ್ತ್ರಕ್ಕಲ್ಲ, ಈ ಭಾಗಾಕಾರದ ಕೆಳಗಿನ ಅಂಕಿಯನ್ನು ಚಿಕ್ಕದು ಮಾಡಲು.

ಎರಡನೆಯದು ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಹೋದ ಪ್ರವಾಹವೂ ಬಂದ ಪ್ರವಾಹವೂ ಸಮ ಇವೆಯೇ ಅಂತ ಅದು ನೋಡುತ್ತಲೇ ಇರುತ್ತೆ. 30 ಮಿಲಿ ಆಂಪೇರಿನಷ್ಟು ಬೇರೆ ದಾರಿಯಲ್ಲಿ ಸೋರಿದರೆ ತಟ್ಟನೆ ಆಫ್ ಆಗುತ್ತೆ. ಬರೀ ಎಂ.ಸಿ.ಬಿ. ಇದ್ದರೆ ಸಾಲದು, ಅದು ಫ್ಯೂಸಿನ ಕೆಲಸ ಮಾತ್ರ ಮಾಡುತ್ತೆ.

ಮನೆಯಲ್ಲಿ ಹೇಳಬೇಕಾದ ನಾಲ್ಕು ಮಾತು:
ಕಾಯಿಲ್ ಹಾಕಿದ ಬಕೆಟ್ಟಿನ ನೀರನ್ನು ಸ್ವಿಚ್ ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ ಮುಟ್ಟಿ.
ಬಟ್ಟೆ ಒಣಹಾಕಲು ಕಬ್ಬಿಣದ ತಂತಿ ಬೇಡ, ಪ್ಲಾಸ್ಟಿಕ್ ಹಗ್ಗ ಕಟ್ಟಿ.
ದನಗಳನ್ನು ಕರೆಂಟು ಕಂಬಕ್ಕೂ ಅದರ ಸ್ಟೇ ವೈರಿಗೂ ಕಟ್ಟಬೇಡಿ.
ಯಾರಿಗಾದರೂ ಶಾಕ್ ಹೊಡೆದಿದ್ದರೆ ಮೊದಲು ಮೇನ್ ಆಫ್ ಮಾಡಿ. ಆಗದಿದ್ದರೆ ಒಣ ಜಾಗದಲ್ಲಿ ನಿಂತು ಒಣ ಮರದ ಕೋಲಿನಿಂದ ತಂತಿ ಸರಿಸಿ. ಬರಿಗೈಯಲ್ಲಿ ಅವರನ್ನು ಮುಟ್ಟಬೇಡಿ. ಕೆಳಗೆ ಬಿದ್ದ ಲೈನಿನ ಹತ್ತಿರ ಮಾತ್ರ ಹೋಗಲೇಬೇಡಿ, ಲೈನ್‌ಮ್ಯಾನಿಗೆ ಹೇಳಿ ಕಳಿಸಿ.

10. ನೀವೇ ಮಾಡಿ

1) ಟ್ರ್ಯಾಕ್ಟರಿನ 12 ವೋಲ್ಟ್ ಬ್ಯಾಟರಿಯಿಂದ ಒಂದು ದೀಪ 4.5 ಆಂಪೇರ್ ಎಳೆಯುತ್ತದೆ. ಉರಿಯುವಾಗ ಅದರ ರೋಧವೆಷ್ಟು? ಸಾಮರ್ಥ್ಯವೆಷ್ಟು?
2) 230 ವೋಲ್ಟಿನ 1500 ವ್ಯಾಟ್ ಕಾಯಿಲ್ಲಿಗೆ 5 ಆಂಪೇರ್ ಫ್ಯೂಸು ಸಾಕೇ?
3) 230 ವೋಲ್ಟಿನ 1000 ವ್ಯಾಟ್ ಕಾಯಿಲ್ಲಿಗೆ 115 ವೋಲ್ಟ್ ಮಾತ್ರ ಸಿಕ್ಕಿದರೆ ಸಾಮರ್ಥ್ಯವೆಷ್ಟು?
4) ಬಾವಿಯ ಮೋಟಾರು 100 ಮೀಟರ್ ದೂರದಲ್ಲಿದೆ. 1 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 5 ಆಂಪೇರ್ ಹರಿದರೆ ದಾರಿಯಲ್ಲಿ ಎಷ್ಟು ವೋಲ್ಟ್ ಕಡಿಮೆಯಾಗುತ್ತದೆ? ಎಷ್ಟು ವ್ಯಾಟ್ ನಷ್ಟ?
5) ಅರ್ತಿಂಗ್ ದಾರಿಯ ರೋಧ 92 ಓಮ್ ಇದ್ದರೆ 5 ಆಂಪೇರಿನ ಫ್ಯೂಸು ಹೋಗುತ್ತದೆಯೇ?

ಉತ್ತರಗಳು (ಲೆಕ್ಕ ಮಾಡಿದ ಮೇಲೆಯೇ ನೋಡಿ): 1) ಸುಮಾರು 2.7 ಓಮ್, 54 ವ್ಯಾಟ್. 2) ಸಾಲದು, 6.5 ಆಂಪೇರ್ ಹರಿಯುತ್ತದೆ. 3) 250 ವ್ಯಾಟ್. 4) ಹೋಗಿ ಬರಲು 200 ಮೀಟರ್, 3.4 ಓಮ್, ಆದ್ದರಿಂದ 17 ವೋಲ್ಟ್, 85 ವ್ಯಾಟ್. 5) ಇಲ್ಲ, 2.5 ಆಂಪೇರ್ ಮಾತ್ರ.

ಸೂಚನೆ: ಪ್ರಯೋಗವನ್ನು ಟಾರ್ಚ್ ಸೆಲ್ಲಿನಿಂದ ಮಾತ್ರ ಮಾಡಿ. ಮನೆಯ ಸಾಕೆಟ್ಟಿನ ಲೆಕ್ಕ ಕಾಗದದ ಮೇಲೆ ಮಾಡಿದರೆ ಸಾಕು. ಇವತ್ತು ಮನೆಗೆ ಹೋದ ಮೇಲೆ ನಿಮ್ಮ ಇಸ್ತ್ರಿ ಅಥವಾ ಕಾಯಿಲ್ಲಿನ ಮೇಲೆ ಬರೆದಿರುವ ವ್ಯಾಟ್ ಎಷ್ಟು ಅಂತ ಓದಿ, ಆಂಪೇರ್ ಮತ್ತು ಓಮ್ ಕಂಡುಹಿಡಿದು ಚೀಟಿಯಲ್ಲಿ ಬರೆದು ಪ್ರಶ್ನೆ ಡಬ್ಬಿಗೆ ಹಾಕಿ. ಜೊತೆಗೆ ಮನೆಯ ಅರ್ತಿಂಗ್ ಗುಂಡಿ ಎಲ್ಲಿದೆ ಅಂತಲೂ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಎಲ್ಲರ ಪಟ್ಟಿಯನ್ನೂ ಒಟ್ಟಿಗೆ ಹಾಕೋಣ.